ಮಾತು, ಮದ್ದು, ಕಟ್ಟು: ವಾರ್ಡಿಗೆ ಯಾವುದು?

ಮನೋರೋಗ ವಾರ್ಡಿನಲ್ಲಿ ರೋಗಿ ಕೈಮೀರಿ ರೇಗಿದಾಗ ಏನು ಮಾಡಬೇಕೆಂದು ನೀವು ನಿರ್ಧರಿಸಬೇಕಾಗಿದ್ದರೆ, ಒಂದು ವಿಚಿತ್ರ ಗಮನಿಸಿ: ಎಲ್ಲರೂ ಮೊದಲು ಹೇಳುವ ಉಪಾಯಕ್ಕೇ ಪುರಾವೆ ತೆಳು.

ಮಾತಿನಿಂದ ತಣಿಸುವುದೇ ಮೊದಲ ಹೆಜ್ಜೆ, ಸರಿ. ಆದರೆ ಸಿಬ್ಬಂದಿಗೆ ಅದರ ತರಬೇತಿ ಕೊಟ್ಟರೆ ಹಲ್ಲೆ ಎಷ್ಟು ತಗ್ಗುತ್ತದೆ ಎಂದು ತೂಗಿ ನೋಡಿದ ಗಟ್ಟಿ ಪ್ರಯೋಗಗಳು ವಿರಳ. ಸಿಬ್ಬಂದಿಯ ನಡೆನುಡಿ, ವಾರ್ಡಿನ ವಾತಾವರಣ ಎರಡನ್ನೂ ಬದಲಿಸುವ ‘ಸೇಫ್‌ವಾರ್ಡ್ಸ್’ ಎಂಬ ಕಾರ್ಯಕ್ರಮ ಇದಕ್ಕಿಂತ ವಾಸಿ. ಇಂಗ್ಲೆಂಡಿನ 31 ವಾರ್ಡುಗಳಲ್ಲಿ ನಡೆದ ಪ್ರಯೋಗದಲ್ಲಿ (2015) ಘರ್ಷಣೆ ಸುಮಾರು 15%, ಬಲವಂತದ ಕ್ರಮಗಳು ಸುಮಾರು 26% ಇಳಿದವು.

ಮದ್ದಿನ ಪುರಾವೆ ಹೆಚ್ಚು ಗಟ್ಟಿ. ವೆಲ್ಲೂರಿನಲ್ಲಿ 200 ಮಂದಿಯ ಪ್ರಯೋಗದಲ್ಲಿ (2004) ಹ್ಯಾಲೋಪೆರಿಡಾಲ್ (ಮನೋರೋಗದ ಮದ್ದು) ಜೊತೆ ಪ್ರೊಮೆಥಜೀನ್ (ನಿದ್ದೆ ತರಿಸುವ ಅಲರ್ಜಿ ಮದ್ದು) ಸೇರಿಸಿದ ಚುಚ್ಚುಮದ್ದು, ಲೊರಾಜೆಪಾಮ್ ಎಂಬ ಶಮನಕಾರಿ ಮದ್ದಿಗಿಂತ ಬೇಗ ಶಾಂತಗೊಳಿಸಿತು. ಹ್ಯಾಲೋಪೆರಿಡಾಲ್ ಒಂದನ್ನೇ ಕೊಡಬೇಡಿ. ಸ್ನಾಯು ಸೆಟೆದುಕೊಳ್ಳುವ ಅಪಾಯವಿದೆ. ಬ್ರೆಜಿಲ್‌ನ ರಿಯೊ ಡಿ ಜನೈರೊದಲ್ಲಿ ಅದೊಂದನ್ನೇ ಈ ಜೋಡಿ ಮದ್ದಿನೊಂದಿಗೆ ಹೋಲಿಸಿದ ಪ್ರಯೋಗವನ್ನು ಅದೇ ಕಾರಣಕ್ಕೆ ನಡುವೆಯೇ ನಿಲ್ಲಿಸಿದರು.

ರೋಗಿಯನ್ನು ಕಟ್ಟುವುದೋ, ಒಬ್ಬರನ್ನೇ ಕೋಣೆಯಲ್ಲಿಡುವುದೋ? ಅದೇ ನಗರದ ಇನ್ನೊಂದು ಪ್ರಯೋಗದಲ್ಲಿ ಕೋಣೆಯಲ್ಲಿಟ್ಟವರ ಪೈಕಿ ಪ್ರತಿ ಮೂವರಲ್ಲಿ ಇಬ್ಬರನ್ನು ಕಟ್ಟಬೇಕಾಗಲೇ ಇಲ್ಲ.

ನನ್ನನ್ನು ಕೇಳಿದರೆ, ಹಣ ಮೊದಲು ವಾರ್ಡಿನ ಬದಲಾವಣೆಗೆ ಹೋಗಲಿ. ಚುಚ್ಚುಮದ್ದಿನ ಕ್ರಮ ಬರಹದಲ್ಲಿ ಸಿದ್ಧವಿರಲಿ. ಕಟ್ಟುವ ಪಟ್ಟಿ ಕೊನೆಗೆ.