ಸೈಕಲ್ ಪ್ರವಾಸಕ್ಕೆ ಫಿಲ್ಮ್ ಕ್ಯಾಮೆರಾ ಮಾತ್ರ ಒಯ್ಯುವ ಮುನ್ನ

ಕಳೆದ ಅಕ್ಟೋಬರಿನಲ್ಲಿ ಶಿವಮೊಗ್ಗದಿಂದ ತೀರ್ಥಹಳ್ಳಿ, ಆಗುಂಬೆ ಮಾರ್ಗವಾಗಿ ಉಡುಪಿಗೆ ಸೈಕಲ್ ತುಳಿದಾಗ, ಡಿಜಿಟಲ್ ಕ್ಯಾಮೆರಾವನ್ನು ಮನೆಯಲ್ಲಿಯೇ ಬಿಟ್ಟು ಅಪ್ಪನ ಹಳೆಯ 35 ಎಂಎಂ ಫಿಲ್ಮ್ ಕ್ಯಾಮೆರಾವನ್ನಷ್ಟೇ ಒಯ್ದೆ. ಚಾರ್ಜಿಂಗ್ ಚಿಂತೆಯಿಲ್ಲವೆಂಬುದು ಒಂದು ಕಾರಣ, ಮಳೆ ಮುಗಿದ ಮಲೆನಾಡಿನ ಹಸಿರನ್ನು ಫಿಲ್ಮಿನಲ್ಲಿ ಹಿಡಿಯಬೇಕೆಂಬ ಆಸೆ ಇನ್ನೊಂದು. ಒಯ್ದ ಎರಡು ರೀಲುಗಳಲ್ಲಿ ಒಂದು ಪೂರ್ತಿ ಖಾಲಿಯಾಗಿ ಬಂತು. ಅರವತ್ತೆರಡರ ಅಪ್ಪ ನನ್ನೊಡನೆ ಆಗುಂಬೆಯವರೆಗೂ ತುಳಿದು, ಸೂರ್ಯಾಸ್ತದ ಕಟ್ಟೆಯ ಬಳಿ ಸೈಕಲ್ ಹಿಡಿದು ನಿಂತ ಚಿತ್ರ ಅದರಲ್ಲಿರಬೇಕಿತ್ತು.

ತೀರ್ಥಹಳ್ಳಿಯ ರಸ್ತೆಬದಿಯಲ್ಲಿ ಅವಸರದಿಂದ ರೀಲು ಬದಲಿಸಿದಾಗ ಫಿಲ್ಮಿನ ತುದಿ ಎದುರಿನ ಸುರುಳಿಗೆ ಸರಿಯಾಗಿ ಸಿಕ್ಕಿಕೊಂಡಿರಲಿಲ್ಲ. ಇಂಥ ಕ್ಯಾಮೆರಾಗಳಲ್ಲಿ ಚಿತ್ರಗಳ ಎಣಿಕೆ ತೋರಿಸುವ ಕೌಂಟರ್, ಫಿಲ್ಮನ್ನು ಮುಂದೆ ಸರಿಸುವ ಲಿವರನ್ನು ಎಷ್ಟು ಸಲ ಎಳೆದೆವೆಂದು ಎಣಿಸುತ್ತದೆಯೇ ಹೊರತು ಫಿಲ್ಮ್ ಸರಿಯಿತೇ ಎಂಬುದನ್ನಲ್ಲ. 36 ಚಿತ್ರಗಳ ರೀಲು 37 ಅಥವಾ 38ಕ್ಕೆ ಬಿಗಿದು ನಿಲ್ಲಬೇಕಿತ್ತು. ಅದರ ನಂತರವೂ ಲಿವರ್ ಸಲೀಸಾಗಿ ಬರುತ್ತಿದ್ದುದರ ಅರ್ಥ ನನಗೆ ಹೊಳೆಯಲಿಲ್ಲ. ಬೆಂಗಳೂರಿನಲ್ಲಿ ತೊಳೆಸಿದ ಮೇಲೆ, ಅಂಚಿನ ಅಕ್ಷರ ಮತ್ತು ಸಂಖ್ಯೆಗಳ ಹೊರತು ಏನೂ ಇಲ್ಲದ ಪಟ್ಟಿ ಕೈಗೆ ಬಂತು.

ದಯವಿಟ್ಟು ಇದೊಂದನ್ನು ರೂಢಿಸಿಕೊಳ್ಳಿ: ಹಿಂಬಾಗಿಲು ಮುಚ್ಚಿದ ಮೇಲೆ, ಫಿಲ್ಮನ್ನು ಮರಳಿ ಸುತ್ತುವ ರೀವೈಂಡ್ ಗುಬ್ಬಿಯನ್ನು ಬಾಣದ ದಿಕ್ಕಿಗೆ ಮೆಲ್ಲಗೆ ತಿರುಗಿಸಿ ಫಿಲ್ಮಿನ ಸಡಿಲ ತೆಗೆಯಿರಿ; ಬಳಿಕ ಲಿವರ್ ಎಳೆದಾಗ ಆ ಗುಬ್ಬಿ ತಾನಾಗಿ ಎದುರು ದಿಕ್ಕಿಗೆ ತಿರುಗಿದರೆ ಮಾತ್ರ ಫಿಲ್ಮ್ ಓಡುತ್ತಿದೆ.

ಉಳಿದ ರೀಲಿನಲ್ಲಿಯೂ ಹಲವು ಚಿತ್ರಗಳ ಒಂದು ಬದಿ ಮಸುಕಾಗಿತ್ತು. ಹ್ಯಾಂಡಲ್‌ಗೆ ಕಟ್ಟಿದ ಬ್ಯಾಗಿನಲ್ಲಿ ದಿನವಿಡೀ ಕುಲುಕಿ ಲೆನ್ಸಿನ ಒಳಗಿನ ಸ್ಕ್ರೂಗಳು ಸಡಿಲಗೊಂಡಿದ್ದವೆಂದು ರಿಪೇರಿಯವರು ಬಿಚ್ಚಿ ತೋರಿಸಿದರು. ಕ್ಯಾಮೆರಾ ಯಾವುದೇ ಇರಲಿ, ಅದನ್ನು ಬೆನ್ನಿಗೆ ಅಥವಾ ಸೊಂಟಕ್ಕೆ ಬಿಗಿಯಾಗಿ ಕಟ್ಟಿಕೊಳ್ಳುವುದು ಒಳ್ಳೆಯದು, ಏಕೆಂದರೆ ರಸ್ತೆಯ ಪೆಟ್ಟನ್ನು ಆಗ ನಮ್ಮ ಮೈ ಹೀರಿಕೊಳ್ಳುತ್ತದೆ. ಕುಲುಕಾಟ ಡಿಜಿಟಲ್ ಕ್ಯಾಮೆರಾವನ್ನೂ ಕೆಡಿಸಬಲ್ಲದು. ಆದರೆ ಕೆಟ್ಟದ್ದು ಅಂದು ಸಂಜೆಯೇ ಪರದೆಯಲ್ಲಿ ಕಾಣುತ್ತದೆ, ಮರುದಿನ ಬೆಳಿಗ್ಗೆ ಅದೇ ಜಾಗಕ್ಕೆ ಹಿಂದಿರುಗಿ ಇನ್ನೊಮ್ಮೆ ತೆಗೆಯಬಹುದು. ನನಗೆ ತಿಳಿಯುವ ಹೊತ್ತಿಗೆ ಹನ್ನೊಂದು ದಿನ ಕಳೆದಿದ್ದವು.

ಫಿಲ್ಮ್ ಬೇಡವೆಂದು ನಾನು ಹೇಳುತ್ತಿಲ್ಲ, ಅದರ ಬಣ್ಣದ ಮೇಲಿನ ಪ್ರೀತಿ ನನಗಿನ್ನೂ ಕಡಿಮೆಯಾಗಿಲ್ಲ. ಆದರೆ ಮತ್ತೆ ಹೋಗಲಾಗದ ದಾರಿಗೆ, ಮತ್ತೆ ಜೊತೆಗೆ ಬರಲಾಗದವರೊಡನೆ ಹೊರಟಾಗ ಚಿಕ್ಕದೊಂದು ಡಿಜಿಟಲ್ ಕ್ಯಾಮೆರಾ, ಅದಕ್ಕೊಂದು ಹೆಚ್ಚುವರಿ ಬ್ಯಾಟರಿ ಖಂಡಿತ ಇರಲಿ. ಅಪ್ಪನ ಮಂಡಿನೋವು ಈಗ ಹೆಚ್ಚಾಗಿದ್ದು, ದೂರದ ಸವಾರಿ ಬೇಡವೆಂದು ವೈದ್ಯರು ಹೇಳಿದ್ದಾರೆ.