ಗುವಾರಾನಾ ಸೋಡಾಗೆ ಯಾವ ಹೆಪ್ಪು? ಒಂದೇ ಕಷಾಯ, ನಾಲ್ಕು ಬಾಟಲಿ

ಗುವಾರಾನಾ ಎಂಬ ಬಳ್ಳಿಯ ಬೀಜದ ಪುಡಿಯಿಂದ ಸೋಡಾವನ್ನು ಮನೆಯಲ್ಲೇ ಮಾಡಬಹುದು. ಗ್ಯಾಸ್ ತುಂಬುವ ಯಂತ್ರ ಬೇಡ, ಯೀಸ್ಟೇ ಆ ಕೆಲಸ ಮಾಡುತ್ತದೆ. ಆದರೆ ಯಾವ ಹೆಪ್ಪು ಹಾಕಬೇಕು ಅನ್ನುವುದರ ಮೇಲೆ ರುಚಿ ಪೂರ್ತಿ ಬದಲಾಗುತ್ತದೆ. ಬ್ರೆಡ್ ಯೀಸ್ಟ್, ವೈನ್ ಮಾಡಲು ಬಳಸುವ ಶಾಂಪೇನ್ ಯೀಸ್ಟ್, ಜಿಂಜರ್ ಬಗ್, ವಾಟರ್ ಕೆಫಿರ್ ಈ ನಾಲ್ಕನ್ನೂ ನಾನು ಒಟ್ಟಿಗೇ ಹಾಕಿ ನೋಡಿದೆ. ಎರಡು ಸಲ ಹಾಕಬೇಕಾಯಿತು.

ಮೊದಲ ಸಲ ಗುವಾರಾನಾ ಪುಡಿಯನ್ನು ನೇರವಾಗಿ ಬಾಟಲಿಗೇ ಸುರಿದಿದ್ದೆ. ಗ್ಯಾಸೇನೋ ಚೆನ್ನಾಗಿ ಬಂತು. ಆದರೆ ಮುಚ್ಚಳ ತಿರುಗಿಸಿದ ಕೂಡಲೇ ಅರ್ಧ ಬಾಟಲಿ ನೊರೆಯಾಗಿ ಉಕ್ಕಿ ಹೋಯಿತು. ನಾಲ್ಕರಲ್ಲೂ ಇದೇ ಆಯಿತು. ನೀರಿನಲ್ಲಿ ಕರಗಿರುವ ಗ್ಯಾಸಿಗೆ ಗುಳ್ಳೆಯಾಗಲು ಒಂದು ಆಸರೆ ಬೇಕು. ಪುಡಿಯ ಒಂದೊಂದು ಕಣವೂ ಆ ಆಸರೆ ಕೊಡುತ್ತದೆ. ಉಳಿದದ್ದನ್ನು ಕುಡಿದರೆ ಗಂಟಲಲ್ಲಿ ಪುಡಿ, ನಾಲಿಗೆಯ ಮೇಲೆ ಬರೀ ಒಗರು. ಹಾಗಾಗಿ ಹೆಪ್ಪು ಯಾವುದೇ ಇರಲಿ, ಪುಡಿ ಬಾಟಲಿಗೆ ಹೋಗಬಾರದು. ಕಷಾಯ ಮಾಡಿ ಸೋಸಿದ ನೀರು ಮಾತ್ರ ಹೋಗಬೇಕು.

ಎರಡನೇ ಸಲದ ಅಳತೆ ಹೀಗಿತ್ತು. 4 ಲೀಟರಿಗೆ 10 ಗ್ರಾಂ ಪುಡಿ, 400 ಗ್ರಾಂ ಸಕ್ಕರೆ, 4 ನಿಂಬೆಹಣ್ಣಿನ ರಸ. ಕುದಿಸಿ ಇಳಿಸಿದ ನೀರಿಗೆ ಪುಡಿ ಹಾಕಿ 15 ನಿಮಿಷ ಮುಚ್ಚಿಟ್ಟೆ. ಬಟ್ಟೆಯಲ್ಲಿ ಒಮ್ಮೆ, ಕಾಫಿ ಸೋಸುವ ಕಾಗದದಲ್ಲಿ ಇನ್ನೊಮ್ಮೆ ಸೋಸಿದೆ. ಕಾಗದದಲ್ಲಿ ಇಳಿಯುವುದು ತುಂಬಾ ನಿಧಾನ, ಅವಸರ ಮಾಡಬೇಡಿ. ಪುಡಿಯಲ್ಲಿ ಕೆಫೀನ್ ಶೇ. 4 ಅಂತ ಹಿಡಿದರೆ, ಅಷ್ಟೂ ನೀರಿಗೆ ಇಳಿದರೂ ಲೀಟರಿಗೆ 100 ಮಿಲಿಗ್ರಾಂ ದಾಟುವುದಿಲ್ಲ. ಒಂದು ಲೋಟ ಕಾಫಿಯಲ್ಲಿ ಹೆಚ್ಚುಕಡಿಮೆ ಇಷ್ಟೇ ಇರುತ್ತದೆ. ಪುಡಿ ಜಾಸ್ತಿ ಹಾಕುವ ಆಸೆ ಬರುತ್ತದೆ, ಬೇಡ. ಕಹಿ ಬೇಗ ಮೇಲೆ ಬರುತ್ತದೆ.

ಹೋಲಿಸಲು ನಾನು ಇಟ್ಟುಕೊಂಡ ಅಳತೆಗೋಲು ಒಂದೇ. ಕುಡಿದಾಗ ಗುವಾರಾನಾ ಸಿಗಬೇಕು. ಇದು ಅಮೆಜಾನ್ ಕಾಡಿನ ಬಳ್ಳಿ. ಬ್ರೆಜಿಲ್‌ನ ಮಾವೆಸ್ ಸುತ್ತಿನ ಸಾತೆರೆ ಮಾವೆ ಜನ ಇದರ ಬೀಜ ಹುರಿದು, ಕುಟ್ಟಿ, ಕೋಲಿನಂತೆ ಉಂಡೆಗಟ್ಟಿ ಒಣಗಿಸುತ್ತಾರೆ. ಪಿರರುಕು ಎಂಬ ದೊಡ್ಡ ಮೀನಿನ ಒಣ ನಾಲಿಗೆಯ ಮೇಲೆ ಆ ಕೋಲನ್ನು ತೇದು, ನೀರಿಗೆ ಬೆರೆಸಿ ಕುಡಿಯುವುದು ಅವರ ಹಳೆಯ ಪದ್ಧತಿ. ಸಿಹಿ ಸೋಡಾ ಆಮೇಲಿನದು. ಬ್ರೆಜಿಲ್‌ನಲ್ಲಿ ಮನೆಮಾತಾದ ಅಂಟಾರ್ಕ್ಟಿಕಾ ಗುವಾರಾನಾ ಮಾರುಕಟ್ಟೆಗೆ ಬಂದದ್ದು 1921ರಲ್ಲಿ. ಅಂಗಡಿಯ ಬಾಟಲಿಯಲ್ಲಿ ಸಿಗುವ ಸೇಬಿನಂಥ ಘಮ ಬರೀ ಬೀಜದಿಂದ ಬರುವುದಿಲ್ಲ. ಬೀಜದ ಸ್ವಂತ ರುಚಿ ಮೆಲ್ಲನೆ ಕಹಿ, ಸ್ವಲ್ಪ ಒಗರು, ಸ್ವಲ್ಪ ಮಣ್ಣಿನ ವಾಸನೆ. ನನಗೆ ಬೇಕಿದ್ದದ್ದು ಆ ರುಚಿ.

ಬ್ರೆಡ್ ಯೀಸ್ಟಿನ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಒಂದು ಚಿಟಿಕೆ ಸಾಕು, 14 ಗಂಟೆಗೆಲ್ಲ ಬಾಟಲಿ ಗಟ್ಟಿಯಾಗಿತ್ತು. ಆದರೆ ಹಿಟ್ಟಿನ ವಾಸನೆ ಬಿಡಲೇ ಇಲ್ಲ. ಗಸಿಯೂ ತಳದಲ್ಲಿ ನಿಲ್ಲುವುದಿಲ್ಲ, ಬಾಟಲಿ ಅಲ್ಲಾಡಿದರೆ ಮೇಲೇಳುತ್ತದೆ. ಬಾಟಲಿಯಲ್ಲಿ ಗ್ಯಾಸ್ ಹೇಗೆ ಕಟ್ಟುತ್ತದೆ ಅಂತ ಕಲಿಯಲು ಒಳ್ಳೆಯದು, ಕುಡಿಯಲು ಅಲ್ಲ.

ವಾಟರ್ ಕೆಫಿರ್ ಮೇಲೆ ನನಗೆ ತುಂಬಾ ಆಸೆ ಇತ್ತು. ಗಾಜಿನ ಚೂರಿನಂತೆ ಕಾಣುವ ಆ ಹರಳುಗಳಲ್ಲಿ ಯೀಸ್ಟ್ ಮತ್ತು ಬ್ಯಾಕ್ಟೀರಿಯಾ ಒಟ್ಟಿಗೆ ಬದುಕುತ್ತವೆ. ಹರಳುಗಳನ್ನು ಎರಡು ದಿನ ಬರೀ ಸಕ್ಕರೆ ನೀರಿನಲ್ಲಿಟ್ಟೆ. ಆಮೇಲೆ ಹರಳು ತೆಗೆದು, ಆ ನೀರಿಗೆ ಕಷಾಯ ಸೇರಿಸಿ ಬಾಟಲಿಗೆ ತುಂಬಿದೆ. ಗುಳ್ಳೆ ಮೃದುವಾಗಿ ಬಂತು. ರುಚಿ ಮಾತ್ರ ಕೂಡಿಬರಲಿಲ್ಲ. ಬ್ಯಾಕ್ಟೀರಿಯಾ ತರುವ ಹುಳಿ, ಗುವಾರಾನಾದ ಒಗರು, ಎರಡೂ ನಾಲಿಗೆಯ ಮೇಲೆ ಜಗಳಕ್ಕೆ ನಿಂತವು. ನಿಂಬೆರಸ ಪೂರ್ತಿ ಬಿಟ್ಟಿದ್ದರೆ ಸ್ವಲ್ಪ ಸರಿಹೋಗುತ್ತಿತ್ತೇನೋ. ಹಣ್ಣಿನ ರಸಕ್ಕೆ ಇದು ಚೆನ್ನ, ಈ ಬೀಜಕ್ಕೆ ಹೊಂದುವುದಿಲ್ಲ.

ಜಿಂಜರ್ ಬಗ್ ಅಂದರೆ ಶುಂಠಿಯ ಹೆಪ್ಪು. ಸಿಪ್ಪೆ ಸಮೇತ ತುರಿದ ಶುಂಠಿ ಮತ್ತು ಸಕ್ಕರೆಯನ್ನು ದಿನಾ ಒಂದೊಂದು ಚಮಚ ನೀರಿಗೆ ಹಾಕುತ್ತಾ ಹೋದರೆ ಐದಾರು ದಿನಕ್ಕೆ ಗುಳ್ಳೆ ಏಳುತ್ತದೆ. ಶುಂಠಿಯ ಮೇಲಿರುವ ಕಾಡು ಯೀಸ್ಟೇ ಇದಕ್ಕೆ ಮೂಲ. ಒಂದು ಲೀಟರ್ ಕಷಾಯಕ್ಕೆ ಕಾಲು ಲೋಟ ಸೋಸಿ ಹಾಕಿದೆ. ಎರಡು ದಿನ ಹಿಡಿಯಿತು. ಪಾನೀಯ ನಿಜವಾಗಿಯೂ ರುಚಿಯಾಗಿತ್ತು! ಆದರೆ ಅದು ಶುಂಠಿ ಸೋಡಾ. ಗುವಾರಾನಾ ಎಲ್ಲೋ ಹಿಂದೆ ಕಹಿಯಾಗಿ ಉಳಿದಿತ್ತು, ಅಷ್ಟೆ. ಆಮೇಲೆ ಅಳತೆಯನ್ನು ಎರಡು ಚಮಚಕ್ಕೆ ಇಳಿಸಿದೆ. ಮೂರು ದಿನ ಬೇಕಾಯಿತು, ಆದರೆ ಶುಂಠಿ ಹಿಂದೆ ಸರಿಯಿತು. ಯೀಸ್ಟ್ ಪೊಟ್ಟಣ ಸಿಗದವರು ಧೈರ್ಯವಾಗಿ ಈ ದಾರಿ ಹಿಡಿಯಬಹುದು.

ನನ್ನ ಆಯ್ಕೆ ಶಾಂಪೇನ್ ಯೀಸ್ಟ್. ಲೀಟರಿಗೆ ಒಂದು ಚಿಟಿಕೆಯನ್ನು ಉಗುರುಬೆಚ್ಚಗಿನ ನೀರಿನಲ್ಲಿ ಹತ್ತು ನಿಮಿಷ ನೆನೆಸಿ ಹಾಕಿದೆ. ಸುಮಾರು 26 ಡಿಗ್ರಿಯಲ್ಲಿ 30 ಗಂಟೆ ಬೇಕಾಯಿತು. ಇದು ತನ್ನದು ಅಂತ ಹೆಚ್ಚು ವಾಸನೆ ಬಿಡುವುದಿಲ್ಲ. ಗಸಿ ತಳಕ್ಕೆ ಅಂಟಿಕೊಂಡು ಕೂರುತ್ತದೆ, ಮೇಲಿನದನ್ನು ತಿಳಿಯಾಗಿ ಬಗ್ಗಿಸಬಹುದು. ಗುಳ್ಳೆ ಸಣ್ಣದು. ಮೊದಲು ನಿಂಬೆ, ಆಮೇಲೆ ಸಿಹಿ, ನುಂಗಿದ ಮೇಲೆ ನಿಧಾನಕ್ಕೆ ಆ ಕಹಿ. ಫ್ರಿಜ್‌ನಲ್ಲಿ ಮೂರು ದಿನ ಇಟ್ಟ ಮೇಲೆ ಇನ್ನೂ ಚೆನ್ನಾಯಿತು, ಉಳಿದಿದ್ದ ಚೂರು ಯೀಸ್ಟ್ ವಾಸನೆಯೂ ಹೋಯಿತು.

ಆದರೆ ನಾಲ್ಕರಲ್ಲಿ ಜಾಸ್ತಿ ಎಚ್ಚರ ಬೇಕಾದದ್ದೂ ಇದಕ್ಕೇ. ಒಂದು ಲೀಟರಿನಲ್ಲಿ 4 ಗ್ರಾಂ ಸಕ್ಕರೆ ಹುದುಗಿದರೆ ಸುಮಾರು ಒಂದು ಲೀಟರ್ ಗ್ಯಾಸ್ ಹುಟ್ಟುತ್ತದೆ. ಸೋಡಾದಷ್ಟು ಜುಮ್ಮೆನ್ನಲು 15 ಗ್ರಾಂ ಸಾಕು. ನಮ್ಮ ಬಾಟಲಿಯಲ್ಲಿರುವುದು 100 ಗ್ರಾಂ! ಈ ಯೀಸ್ಟ್ ತಾನಾಗಿ ನಿಲ್ಲುವುದಿಲ್ಲ, ಬಿಟ್ಟರೆ ಪೂರ್ತಿ ತಿನ್ನುತ್ತದೆ. ನಾನು ಒಂದು ಬಾಟಲಿಯನ್ನು ಮರೆತು ಇನ್ನೊಂದು ದಿನ ಹೊರಗೇ ಬಿಟ್ಟಿದ್ದೆ. ಕಲ್ಲಿನಂತಾಗಿ ತಳ ಉಬ್ಬಿಕೊಂಡಿತ್ತು. ಒಂದು ರಾತ್ರಿ ಫ್ರಿಜ್‌ನಲ್ಲಿಟ್ಟು, ಸಿಂಕಿನಲ್ಲಿ ಬಟ್ಟೆ ಸುತ್ತಿ, ಮುಚ್ಚಳವನ್ನು ಕೂದಲೆಳೆಯಷ್ಟು ತಿರುಗಿಸುತ್ತಾ ತಿರುಗಿಸುತ್ತಾ ಗ್ಯಾಸ್ ಬಿಟ್ಟೆ. ಅದು ಗಾಜಿನ ಬಾಟಲಿಯಾಗಿದ್ದರೆ ಒಡೆಯುತ್ತಿತ್ತು. ದಯವಿಟ್ಟು ಸೋಡಾ ಬರುವ ಪ್ಲಾಸ್ಟಿಕ್ ಬಾಟಲಿಯನ್ನೇ ಬಳಸಿ. ಬೆರಳಿನಿಂದ ಒತ್ತಿ ನೋಡಿ, ತಗ್ಗದಿದ್ದರೆ ಕೂಡಲೇ ಫ್ರಿಜ್‌ಗೆ ಇಡಿ. ತಂಪಿನಲ್ಲಿ ಯೀಸ್ಟ್ ಪೂರ್ತಿ ಸುಮ್ಮನಾಗುವುದಿಲ್ಲ, ನಿಧಾನವಾಗುತ್ತದೆ ಅಷ್ಟೆ. ಒಂದು ವಾರದೊಳಗೆ ಕುಡಿದು ಮುಗಿಸಿ.

ಇನ್ನೊಂದು ಮಾತು. ಹುದುಗಿದ ಮೇಲೆ ಶೇ. 0.5ರಿಂದ 1ರಷ್ಟು ಆಲ್ಕೋಹಾಲ್ ಬಂದೇ ಬರುತ್ತದೆ, ಜೊತೆಗೆ ಕೆಫೀನ್ ಇದೆ. ಮಕ್ಕಳಿಗೆ, ಗರ್ಭಿಣಿಯರಿಗೆ ಇದನ್ನು ಕೊಡಬೇಡಿ. ಮನೆಯ ಮಕ್ಕಳು ಕೇಳಿದರೆ ಅದೇ ನಿಂಬೆರಸ, ಸಕ್ಕರೆಗೆ ಬೀಜವೂ ಇಲ್ಲದೆ ಹೆಪ್ಪೂ ಇಲ್ಲದೆ ಅಂಗಡಿಯ ಸಾದಾ ಸೋಡಾ ಸುರಿದು ಕೊಡುತ್ತೇನೆ.