ಬೆಳಗಾವಿಯಿಂದ ಎರಡು ದಿನದ ಕಡಲ ಪ್ರವಾಸ: ಗೋಕರ್ಣವೋ, ಮಾಲವಣವೋ?

ಶನಿವಾರ ಹೊರಟು ಭಾನುವಾರ ರಾತ್ರಿ ಮರಳಬೇಕು, ಮನೆಯವರಲ್ಲಿ ಹಲವರು ಸಮುದ್ರವನ್ನೇ ಕಂಡಿಲ್ಲ, ಈ ಎರಡರಲ್ಲಿ ಯಾವುದು ಸೂಕ್ತ ಎಂದು ಕೇಳಿದ್ದೀರಿ. ಇಷ್ಟು ಕಡಿಮೆ ಅವಧಿಯಲ್ಲಿ ಮೊದಲು ಲೆಕ್ಕ ಹಾಕಬೇಕಾದದ್ದು ದಾರಿಯನ್ನು. ಅಂಬೋಲಿ ಘಟ್ಟ ಇಳಿದು ಸಾವಂತವಾಡಿಯ ಮೂಲಕ ಹೋದರೆ ಮಹಾರಾಷ್ಟ್ರದ ಕರಾವಳಿ ಊರಾದ ಮಾಲವಣ ಸುಮಾರು 150 ಕಿ.ಮೀ. ಆಗುತ್ತದೆ, ಹುಬ್ಬಳ್ಳಿ, ಯಲ್ಲಾಪುರ, ಅಂಕೋಲಾ ದಾಟಿ ತಲುಪುವ ಗೋಕರ್ಣ ಸುಮಾರು 250 ಕಿ.ಮೀ. ಆದ್ದರಿಂದ ಚಿಕ್ಕ ಮಕ್ಕಳಿದ್ದರೆ ಮಾಲವಣವೇ ಹಗುರ.

ಆದರೆ ಜೊತೆಯಲ್ಲಿ ಅಜ್ಜ-ಅಜ್ಜಿ ಇದ್ದು, ಗೋಕರ್ಣದ ಮಹಾಬಲೇಶ್ವರನ ದರ್ಶನವೇ ಅವರ ಮುಖ್ಯ ಆಸೆಯಾಗಿದ್ದರೆ, ಆ ಹೆಚ್ಚಿನ ದೂರ ಸಾರ್ಥಕವೆಂದೇ ನನ್ನ ಭಾವನೆ. ದೇವಸ್ಥಾನದಿಂದ ಊರಿನ ಕಡಲತೀರಕ್ಕೆ ನಡೆದೇ ಹೋಗಬಹುದು, ಮಾತು ಕನ್ನಡದಲ್ಲೇ ನಡೆಯುತ್ತದೆ, ಸಸ್ಯಾಹಾರದ ಊಟಕ್ಕೂ ಅಲೆಯಬೇಕಿಲ್ಲ. ದರ್ಶನಕ್ಕೆಂದು ಗಂಡಸರು ಪಂಚೆ ಒಯ್ಯುವುದು ಒಳ್ಳೆಯದು. ಓಂ ಬೀಚ್ ಮಾತ್ರ ಊರಿನಿಂದ ದೂರವಿದ್ದು, ಮೆಟ್ಟಿಲು ಇಳಿಯಬೇಕಾದ್ದರಿಂದ ಮಂಡಿನೋವಿನವರಿಗೆ ತಕ್ಕದ್ದಲ್ಲ.

ಮಾಲವಣದ ಆಕರ್ಷಣೆಯೇ ಬೇರೆ. ಶಿವಾಜಿ ಮಹಾರಾಜರು 1664ರಲ್ಲಿ ಕಟ್ಟಿಸಲು ಆರಂಭಿಸಿದ ಸಿಂಧುದುರ್ಗಕ್ಕೆ ದೋಣಿಯಲ್ಲಿ ಹೋಗುವಾಗ, ಸುತ್ತ ನೀರೇ ನೀರಾದ ಆ ಕೋಟೆಯ ಗೋಡೆ ಹತ್ತಿರವಾಗುವುದನ್ನು ಮಕ್ಕಳು ಬಹುಕಾಲ ನೆನೆಯುತ್ತಾರೆ. ಮೀನೂಟ, ಸೋಲ್‌ಕಢಿ (ಕೋಕಂ, ತೆಂಗಿನಹಾಲಿನ ಪಾನೀಯ) ಇಷ್ಟಪಡುವವರಿಗೂ ಇದೇ ಸರಿ. ಮಳೆಗಾಲದಲ್ಲಿ ದೋಣಿಗಳು ನಿಲ್ಲುವುದರಿಂದ, ಜೂನ್‌ನಿಂದ ಆಗಸ್ಟ್‌ವರೆಗೆ ಹೋದರೆ ಕೋಟೆಯನ್ನು ದಡದಿಂದಲೇ ನೋಡಬೇಕಾಗುತ್ತದೆ.

ಖರ್ಚಿನಲ್ಲಿ, ಸ್ವಂತ ವಾಹನವಾದರೆ ಇಂಧನದ ಉಳಿತಾಯ ಮಾಲವಣದ ಕಡೆಗಿದೆ. ಶಿವರಾತ್ರಿಯ ಆಸುಪಾಸಿನಲ್ಲಿ ಗೋಕರ್ಣಕ್ಕೆ ಹೋಗುವುದಾದರೆ ಕೋಣೆಯನ್ನು ಬಹಳ ಮೊದಲೇ ಕಾದಿರಿಸಿ.